ಅಟ್ಟದ ಪ್ರಶ್ನೆ, ದೂರದ ಶಾಲೆ

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ, ಊಟ ಮುಗಿಸಿ ಎಲೆಯಡಕೆ ಮೆಲ್ಲುತ್ತ, ಪತ್ರಿಕೆಯನ್ನು ಓದುವ ನೆಪದಲ್ಲಿ ಮುಖದ ಮೇಲೆ ಹೊದ್ದುಕೊಳ್ಳುವ ಸಿದ್ಧತೆಯಲ್ಲಿ ನಾನಿದ್ದಾಗ, ತಮ್ಮನ ಮಗಳು ಬಂದು, ಇನ್ನೂ ಒರಸದಿದ್ದ ಊಟದ ಮೇಜಿನ ಮೇಲೆಯೇ ಉದ್ದನೆಯದೊಂದು ಕಾಗದವನ್ನು ಹರಡಿ, ಅದರ ನಾಲ್ಕು ಮೂಲೆಗೂ ಉಪ್ಪಿನಕಾಯಿ ಜಾಡಿ, ನೀರಿನ ಚೊಂಬು, ನನ್ನ ಕನ್ನಡಕದ ಡಬ್ಬಿ, ತನ್ನ ಮೊಬೈಲು ಇವುಗಳನ್ನು ಭಾರಕ್ಕಿಟ್ಟಳು. ಐದು ವರ್ಷ ಆರ್ಕಿಟೆಕ್ಚರ್ ಓದಿದವರು ಲಗ್ನಪತ್ರಿಕೆಯನ್ನಾದರೂ ಹೀಗೆ ಮೂಲೆಗಳಿಗೆ ಭಾರವಿಟ್ಟೇ ಓದುತ್ತಾರೆ. ಕಾಗದದಲ್ಲಿ ಹದಿನಾಲ್ಕು ಶಾಲೆಗಳ ಹೆಸರಿದ್ದುವು. ಒಂದೊಂದರ ಮುಂದೆಯೂ ಜಗತ್ತಿನಲ್ಲಿ ಅದಕ್ಕೆ ಎಷ್ಟನೆಯ ಸ್ಥಾನ, ಶುಲ್ಕವೆಷ್ಟು, ಅರ್ಜಿಗೆ ಕೊನೆಯ ದಿನಾಂಕ ಯಾವುದು ಎಂಬುದನ್ನು ಮೂರು ಬಣ್ಣದ ಶಾಯಿಯಲ್ಲಿ ಬರೆದಿತ್ತು.

“ದೊಡ್ಡಪ್ಪಾ, ನೀವು ಮೇಷ್ಟರಾಗಿದ್ದೋರು. ಇದರಲ್ಲಿ ಯಾವುದು ಒಳ್ಳೇದು, ನೋಡಿ ಹೇಳಿ.”

“ನಿನ್ನ ಥೀಸಿಸ್ ಯಾವುದರ ಮೇಲಿತ್ತಮ್ಮ?” ಎಂದು ನಾನು ಕೇಳಿದೆ. ಅದಕ್ಕೂ ಇದಕ್ಕೂ ಏನು ಸಂಬಂಧವೆಂಬಂತೆ ಅವಳು ನನ್ನ ಮುಖ ನೋಡಿದಳು. ಸಂಬಂಧವಿದೆಯೆಂದು ನಾನು ಬಗೆದಿರುವುದರಿಂದಲೂ, ಪ್ರತಿ ವರ್ಷ ಡಿಸೆಂಬರು ಸಮೀಪಿಸುತ್ತಲೂ ಇಂಥದೇ ಪಟ್ಟಿ ಹಿಡಿದು ಬರುವ ಮಕ್ಕಳ ಸಂಖ್ಯೆ ಹೆಚ್ಚುತ್ತಿರುವುದರಿಂದಲೂ, ಅಂದು ಅವಳಿಗೆ ಹೇಳಿದುದನ್ನೂ, ನಿದ್ದೆ ಕೆಟ್ಟುದರಿಂದ ಸರಿಯಾಗಿ ಹೇಳಲಾಗದೆ ಹೋದುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಸಂದೇಹ ನಿವಾರಣೆ. ಕನ್ನಡದಲ್ಲಿ ನಾವು ಈ ವಿದ್ಯೆಯನ್ನು ವಾಸ್ತುಶಿಲ್ಪವೆಂದು ಕರೆಯತೊಡಗಿದುದರಿಂದ ಆಗಿರುವ ಅನರ್ಥ ಸ್ವಲ್ಪವಲ್ಲ. ವಾಸ್ತುಶಿಲ್ಪ ಓದಿದ್ದೇನೆಂದು ಹೇಳಿದೊಡನೆ, ಬಂಧುಗಳೆಲ್ಲ ಅಡುಗೆಮನೆ ಆಗ್ನೇಯದಲ್ಲಿದೆಯೇ, ಬಾವಿ ಈಶಾನ್ಯಕ್ಕೆ ಬಂದಿದೆಯೇ ಎಂದು ಕೇಳಲು ಕುರ್ಚಿ ಎಳೆದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಬಿ.ಆರ್ಕ್. ಎಂಬ ಪದವಿ ಐದು ವರ್ಷಗಳದು. ಅದನ್ನು ಮುಗಿಸಿ, 1972ರ ಅಧಿನಿಯಮದ ಪ್ರಕಾರ ಸ್ಥಾಪಿತವಾದ ವಾಸ್ತುಶಿಲ್ಪ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡರೆ ಆರ್ಕಿಟೆಕ್ಟ್ ಎಂದು ಬೋರ್ಡು ಹಾಕಿಕೊಳ್ಳಬಹುದು. ಆ ಕಾನೂನು ಕಾಪಾಡುವುದು ಆರ್ಕಿಟೆಕ್ಟ್ ಎಂಬ ಬಿರುದನ್ನೇ ಹೊರತು ಆ ಕೆಲಸವನ್ನಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿದೆ. ಅದು ಬೇರೆಯ ಕಥೆ. ಇಲ್ಲಿ ಗಮನಿಸತಕ್ಕದ್ದು ಇಷ್ಟೆ: ನಮ್ಮಲ್ಲಿ ಮನೆ ಕಟ್ಟಿಸುವ ವೃತ್ತಿಗೆ ಸ್ನಾತಕೋತ್ತರ ಪದವಿ ಅಗತ್ಯವೇ ಇಲ್ಲ. ಕಾಲೇಜಿನಲ್ಲಿ ಪಾಠ ಹೇಳಬಯಸುವವರಿಗೆ ಸಾಮಾನ್ಯವಾಗಿ ಅದು ಬೇಕಾಗುತ್ತದೆ. ಉಳಿದವರು ಹೋಗುವುದು, ಹೋಗಬೇಕೆನಿಸಿ. ಹಾಗೆ ಅನಿಸಿದುದು ಏಕೆ ಎಂಬುದನ್ನು ತನಗೆ ತಾನೇ ಹೇಳಿಕೊಳ್ಳಲಾರದವನಿಗೆ ಶಾಲೆಯ ಆಯ್ಕೆ ಎಂಬುದು ಲಾಟರಿ ಟಿಕೀಟಿನ ಅಂಕಿಗಳಲ್ಲಿ ಶುಭವಾದುದನ್ನು ಹುಡುಕುವಂಥ ವ್ಯವಹಾರ.

ಹೆಸರಿನ ಗೊಂದಲವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಏಕೆಂದರೆ ಇದರಲ್ಲಿ ಎಡವಿ ಹಣ, ವರ್ಷ ಎರಡನ್ನೂ ಕಳೆದುಕೊಂಡವರನ್ನು ಕಂಡಿದ್ದೇನೆ. ಅಮೆರಿಕದಲ್ಲಿ ಎಂ.ಆರ್ಕ್. ಎಂಬ ಒಂದೇ ಹೆಸರಿನ ಅಡಿಯಲ್ಲಿ ಎರಡು ಬೇರೆ ಜಾತಿಯ ಪದವಿಗಳು ವಾಸಿಸುತ್ತವೆ. ಒಂದು ವೃತ್ತಿ ಪದವಿ: ಇತಿಹಾಸವನ್ನೋ ಜೀವಶಾಸ್ತ್ರವನ್ನೋ ಓದಿ ಬಂದವನಿಗೆ ಮೊದಲಿನಿಂದ ಈ ವಿದ್ಯೆಯನ್ನು ಕಲಿಸಿ, ಮೂರು ಅಥವಾ ಮೂರೂವರೆ ವರ್ಷಗಳಲ್ಲಿ ಪರವಾನಗಿ ಪರೀಕ್ಷೆಯ ಬಾಗಿಲಿಗೆ ತಂದು ನಿಲ್ಲಿಸುವಂಥದು, ಇದಕ್ಕೆ ಅಲ್ಲಿಯ ರಾಷ್ಟ್ರೀಯ ಮಾನ್ಯತಾ ಮಂಡಳಿಯ ಮುದ್ರೆ ಇರುತ್ತದೆ. ಈಗಾಗಲೇ ಆರ್ಕಿಟೆಕ್ಚರ್ ಓದಿದವರನ್ನು ಕೆಲವು ಶಾಲೆಗಳು ಇದರ ನಡುವಿನ ಮೆಟ್ಟಿಲಿಗೇ ಹತ್ತಿಸಿಕೊಳ್ಳುವುದುಂಟು. ಇನ್ನೊಂದು, ವೃತ್ತಿ ಪದವಿ ಕೈಯಲ್ಲಿರುವವರಿಗೆಂದೇ ಇರುವ, ಒಂದರಿಂದ ಎರಡು ವರ್ಷಗಳ ಮುಂದುವರಿದ ವ್ಯಾಸಂಗ. ಕೊಲಂಬಿಯ ವಿಶ್ವವಿದ್ಯಾನಿಲಯದ ಮೂರು ಸೆಮಿಸ್ಟರುಗಳ ವಿನ್ಯಾಸ ವ್ಯಾಸಂಗ, ಎಂ.ಐ.ಟಿ.ಯ ಎರಡು ವರ್ಷಗಳ ಸಂಶೋಧನ ಪದವಿ ಇವೆಲ್ಲ, ಹೆಸರು ಎಂ.ಆರ್ಕ್. ಅಲ್ಲದಿದ್ದರೂ, ಈ ವರ್ಗಕ್ಕೆ ಸೇರಿದುವು. ಇವುಗಳಿಗೆ ಆ ಮುದ್ರೆ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಅಮೆರಿಕದಲ್ಲೇ ನೆಲೆಸಿ ಪರವಾನಗಿ ಪಡೆಯಬೇಕೆಂಬ ಸಂಕಲ್ಪದಿಂದ ಹೊರಟವನು ಈ ಎರಡನೆಯದಕ್ಕೆ ಸೇರಿ, ಮುಗಿದ ಮೇಲೆ ಮುದ್ರೆಗಾಗಿ ಹುಡುಕಿದರೆ, ತನ್ನ ಬೆಂಗಳೂರಿನ ಐದು ವರ್ಷದ ಪದವಿಯನ್ನೇ ಮತ್ತೆ ತೂಕಕ್ಕೆ ಹಾಕಿಸಿಕೊಳ್ಳುವ ಇನ್ನೊಂದು ದೀರ್ಘ ದಾರಿಯನ್ನು ಹಿಡಿಯಬೇಕಾಗುತ್ತದೆ. ಇಂಗ್ಲೆಂಡಿನಲ್ಲಿಯೂ ಇಂಥದೇ ಪಾಡು: ಅಲ್ಲಿ ಎಂ.ಆರ್ಕ್. ಎಂಬುದು ಅನೇಕ ಕಡೆ ಮೂರು ಭಾಗಗಳ ವೃತ್ತಿ ಶಿಕ್ಷಣದಲ್ಲಿ ಎರಡನೆಯ ಭಾಗ. ಒಂದು ವರ್ಷದ ಎಂ.ಎ., ಎಂ.ಎಸ್ಸಿ.ಗಳು ಸಾಮಾನ್ಯವಾಗಿ ಅದರ ಹೊರಗೆ. ಅರ್ಜಿಯ ಮೊದಲ ಪುಟದಲ್ಲೇ ಇದನ್ನು ವಿಚಾರಿಸಿಕೊಳ್ಳುವುದಕ್ಕೆ ಹತ್ತು ನಿಮಿಷ ಸಾಕು.

ಇನ್ನು ಥೀಸಿಸ್ಸಿನ ವಿಷಯ. ನಮ್ಮ ಹುಡುಗಿ ಐದನೆಯ ವರ್ಷದಲ್ಲಿ ಮಾಡಿದ್ದುದು ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಒಂದು ಹೊಸ ವಿನ್ಯಾಸ. ಅವಳ ತಾಯಿಯ ತವರು ಆ ಕಡೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಹೇಗಾಗುತ್ತದೆಂಬುದನ್ನು ಅರಿಯದವರಿಗಾಗಿ ಹೇಳುತ್ತೇನೆ: ಬಲಿತ ಕಾಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಏರಿಸಿ, ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷವೇ, ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಗುಂಡಗೆ ಬಿಡಿಸಿಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಟಲೊಟ ಹೊರಳುವುದು ಕೇಳಿಸುತ್ತದೆ. ಆಗ ಇಳಿಸಿ, ಸಿಪ್ಪೆ ತೆಗೆದು, ಚಿಪ್ಪೊಡೆದರೆ ಇಡಿಯ ಕೊಬ್ಬರಿ. ಬಿಸಿಲು ಬೇಡ, ಒಲೆ ಬೇಡ. ಬೇಕಾದುದು ಕಾಲ, ಮತ್ತು ಅಟ್ಟ. ಆ ಅಟ್ಟವೂ ಎಂಥದು! ಕೆಳಗೆ ಸಂದು ಬಿಟ್ಟು ಜೋಡಿಸಿದ ಗಳುಗಳು, ಮೇಲೆ ಹೆಂಚು, ಪಕ್ಕದ ಗೋಡೆ ಸೂರಿಗೆ ಮುಟ್ಟುವ ಮೊದಲೇ ನಿಂತುಬಿಟ್ಟಿರುವುದರಿಂದ ಉಳಿದ ಒಂದು ಗೇಣು ಬೆಳಕು. ಗಾಳಿ ಹೆಚ್ಚಾದರೆ ಕಾಯಿ ಒಡೆಯುತ್ತದೆಂದೂ, ಕಡಿಮೆಯಾದರೆ ಕೊಳೆಯುತ್ತದೆಂದೂ ಅಜ್ಜಿ ಹೇಳಿದ್ದರಂತೆ. ನಮ್ಮ ಹುಡುಗಿ ಈ ಅಟ್ಟದ ಅಡ್ಡಸೀಳಿಕೆಯನ್ನು ಒಂದು ಹಾಳೆಯಲ್ಲಿ ಅತ್ಯಂತ ಸುಂದರವಾಗಿ ಬರೆದಿದ್ದಳು. ವಿದ್ಯಾರ್ಥಿಗಳ ಕೆಲಸವನ್ನು ಒರೆಗೆ ಹಚ್ಚುವ ಜ್ಯೂರಿಗೆ ಬಂದ ಹಿರಿಯರು, ಅದನ್ನು ಬಿಟ್ಟು, ಲಾರಿಗಳ ತಿರುಗುಹಾದಿಯ ಅಗಲದ ಬಗ್ಗೆ ಇಪ್ಪತ್ತು ನಿಮಿಷ ಚರ್ಚಿಸಿ ಎದ್ದುಹೋದರಂತೆ.

“ಹಾಗಾದರೆ ನಿನಗೆ ಈಗ ಏನು ಬೇಕು?” ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಟ್ಟ ಹೇಗೆ ಕೆಲಸ ಮಾಡುತ್ತೆ ಅಂತ ನನಗೆ ನಿಜವಾಗ್ಲೂ ಗೊತ್ತಿಲ್ಲ ದೊಡ್ಡಪ್ಪ, ಬರೀ ಚೆನ್ನಾಗಿ ಬರೆದಿದ್ದೆ ಅಷ್ಟೆ” ಎಂದಳು.

ಈ ಮಾತು ಬಂದ ಮೇಲೆ ಹದಿನಾಲ್ಕು ಹೆಸರಿನ ಪಟ್ಟಿ ಬೇರೆಯಾಗಿ ಕಾಣತೊಡಗಿತು. ಒಂದೇ ಅಟ್ಟದಿಂದ ಹೊರಡುವ ದಾರಿಗಳು ಅನೇಕ. ಗಾಳಿ, ಶಾಖ, ತೇವ ಇವು ಅಲ್ಲಿ ಹೇಗೆ ವ್ಯವಹರಿಸುತ್ತವೆಂಬ ಕುತೂಹಲವಾದರೆ ಅದು ಕಟ್ಟಡ ವಿಜ್ಞಾನದ ಪ್ರಶ್ನೆ. ಅದಕ್ಕೆ ಬರ್ಕ್ಲಿಯೋ, ಲಂಡನ್ನಿನ ಎ.ಎ. ಶಾಲೆಯ ಪರಿಸರ ವಿನ್ಯಾಸ ವಿಭಾಗವೋ, ನಮ್ಮದೇ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾನಿಲಯವೋ ಸರಿ. ಸ್ವಾಭಾವಿಕವಾಗಿ ಗಾಳಿಯಾಡುವ ಮನೆಗಳಲ್ಲಿರುವ ಜನ, ಎ.ಸಿ. ಕೋಣೆಯವರಿಗಿಂತ ಹೆಚ್ಚು ಸೆಕೆಯನ್ನು ಹಿತವೆಂದೇ ಸ್ವೀಕರಿಸುತ್ತಾರೆಂಬ ಸಂಗತಿಯನ್ನು ಲೆಕ್ಕಕ್ಕೆ ತಂದ ಸಂಶೋಧನೆಯಲ್ಲಿ ಬರ್ಕ್ಲಿಗೆ ದೊಡ್ಡ ಪಾಲಿದೆ. ಅದರ ಭಾರತೀಯ ರೂಪವನ್ನು ಸಿದ್ಧಪಡಿಸಿದವರು ಸೆಪ್ಟ್‌ನವರು, ಮತ್ತು ಅದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನೂ ಸೇರಿದೆ. ಅಟ್ಟವಿರುವ ಹಳೆಯ ಮನೆಗಳನ್ನು ಉಳಿಸುವುದು ಹೇಗೆ ಎಂಬುದಾದರೆ ಅದು ಸಂರಕ್ಷಣೆಯ ದಾರಿ: ದೆಹಲಿಯ ಎಸ್.ಪಿ.ಎ., ಇಲ್ಲವೆ ಬೆಲ್ಜಿಯಮ್ಮಿನ ಲ್ಯೂವೆನ್. ಅಟ್ಟದಿಂದಿಳಿದ ಕೊಬ್ಬರಿ ಮಂಡಿಗೆ ಹೋಗಿ, ಮಂಡಿ ಊರನ್ನು ಬೆಳಸಿದ ರೀತಿ ಯಾವುದೆಂದು ಕೇಳಿದರೆ ಅದು ನಗರ ವಿನ್ಯಾಸ, ನಗರ ಯೋಜನೆಗಳ ಕ್ಷೇತ್ರ. ಗಳು, ಹೆಂಚು, ಮಣ್ಣುಗಳ ಮೇಲೆಯೇ ಮನಸ್ಸು ನಿಂತರೆ ವಿಮಾನ ಹತ್ತುವ ಮೊದಲು ಯಶವಂತಪುರದ ಬಸ್ಸು ಹತ್ತಬಹುದು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭಿಸಿದ ‘ಅಸ್ತ್ರ’ ಎಂಬ ಕೇಂದ್ರ ಮಣ್ಣಿನ ಇಟ್ಟಿಗೆಯ ಮೇಲೆ ಮಾಡಿದಷ್ಟು ಕೆಲಸವನ್ನು ಹೆಸರಾಂತ ಶಾಲೆಗಳೆಲ್ಲ ಮಾಡಿಲ್ಲ. ಕೈಯಿಂದಲೇ ಕಟ್ಟಿ ಕಲಿಯಬೇಕೆಂಬವನಿಗೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ 1967ರಿಂದ ನಡೆದುಬಂದಿರುವ ಒಂದು ಸಂಪ್ರದಾಯವುಂಟು: ಮೊದಲ ವರ್ಷದ ವಿದ್ಯಾರ್ಥಿಗಳೆಲ್ಲ ಸೇರಿ ನಿಜವಾದ ಕಟ್ಟಡವೊಂದನ್ನು ನಕ್ಷೆ ಬರೆದು ಕಟ್ಟಿ ಮುಗಿಸಬೇಕು. ಇವುಗಳಲ್ಲಿ ಮೊದಲನೆಯದು ಯಾವುದು, ಹತ್ತನೆಯದು ಯಾವುದು? ಪಟ್ಟಿ ಮಾಡುವವರಿಗೆ ತಿಳಿದಿರಬಹುದು.

ಹೀಗೆ ಪ್ರಶ್ನೆ ಮುಂದಾಗಿ ಶಾಲೆ ಹಿಂದಾಗಿ ಬಂದುದಕ್ಕೆ ಇತಿಹಾಸದಲ್ಲೊಂದು ನಿದರ್ಶನವಿದೆ. ಅದರಲ್ಲಿ ನಮ್ಮ ಮೈಸೂರು ಸೀಮೆಯ ಪಾತ್ರವೂ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುವ ಆಸೆ. ಓಟೋ ಕ್ಯೋನಿಗ್ಸ್‌ಬರ್ಗರ್ ಎಂಬಾತ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು. ಯಹೂದಿಯಾದುದರಿಂದ ಹಿಟ್ಲರನ ಕಾಲದಲ್ಲಿ ದೇಶ ಬಿಡಬೇಕಾಯಿತು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಇವರಿಗೆ ಸೋದರಮಾವನ ವರಸೆ. ಆ ಬಾರ್ನ್ ಅವರು 1935ರ ಸುಮಾರಿನಲ್ಲಿ ಕೆಲವು ತಿಂಗಳು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಎಂದರೆ ಮೇಲೆ ಹೇಳಿದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ, ಇದ್ದವರು. 1939ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದಾಗ, ಕ್ಯೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟಿನ ವಿಮಾನ ವಿಜ್ಞಾನ ವಿಭಾಗ, ಭೋಜನಶಾಲೆ ಮೊದಲಾದ ಕಟ್ಟಡಗಳು ಇವರವು. ಬರ್ಲಿನ್ನಿನಲ್ಲಿ ಬಿಸಿಲನ್ನು ಒಳಗೆ ಕರೆಯುವುದನ್ನು ಕಲಿತವರು ಇಲ್ಲಿ ಅದನ್ನು ಹೊರಗೆ ನಿಲ್ಲಿಸುವುದನ್ನು ಕಲಿಯಬೇಕಾಯಿತು. ಆ ಕಲಿಕೆಗೆ ಶಾಲೆ ಯಾವುದೂ ಇರಲಿಲ್ಲ. ಮೇಸ್ತ್ರಿಗಳು, ಮಳೆಗಾಲ, ಹಳೆಯ ಬಂಗಲೆಗಳ ಜಗಲಿಗಳು ಇವೇ ಪಾಠ.

ಅತ್ತ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದ ನೈಜೀರಿಯದ ವಿದ್ಯಾರ್ಥಿಯೊಬ್ಬ, ಇಲ್ಲಿ ನನಗೆ ಕಲಿಸುತ್ತಿರುವುದರಲ್ಲಿ ನನ್ನ ಊರಿಗೆ ಆಗುವಂಥದು ಏನೂ ಇಲ್ಲವಲ್ಲ ಎಂಬ ಅಸಮಾಧಾನವನ್ನು ಒಳಗೇ ನುಂಗಿಕೊಳ್ಳದೆ ಎತ್ತಿ ಆಡಿದ. 1953ರಲ್ಲಿ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಕುರಿತು ಒಂದು ಸಮ್ಮೇಳನ ಸೇರಿತು. ಮಾರನೆಯ ವರ್ಷವೇ ಎ.ಎ. ಶಾಲೆಯಲ್ಲಿ ಅದಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಮೊದಲು ಮ್ಯಾಕ್ಸ್‌ವೆಲ್ ಫ್ರೈ, ಅನಂತರ ದೀರ್ಘಕಾಲ ನಮ್ಮ ಕ್ಯೋನಿಗ್ಸ್‌ಬರ್ಗರ್, ಅದನ್ನು ನಡಸಿದರು. ಬೆಂಗಳೂರಿನ ಬಿಸಿಲಿನಲ್ಲಿ ಪಡೆದ ತಿಳಿವಳಿಕೆ ಹೀಗೆ ಲಂಡನ್ನಿನ ಪಾಠವಾಗಿ, ಏಷ್ಯ ಆಫ್ರಿಕಗಳ ವಿದ್ಯಾರ್ಥಿಗಳ ಮೂಲಕ ಮತ್ತೆ ಬಿಸಿಲಿನ ನಾಡುಗಳಿಗೆ ಹಿಂದಿರುಗಿತು. ಆ ವಿಭಾಗ 1971ರಲ್ಲಿ ಯೂನಿವರ್ಸಿಟಿ ಕಾಲೇಜಿಗೆ ಸ್ಥಳಾಂತರಗೊಂಡು, ಅಭಿವೃದ್ಧಿ ಯೋಜನೆಯ ವಿಭಾಗವಾಗಿ ಇಂದಿಗೂ ಇದೆ. ಉಷ್ಣವಲಯದ ಮನೆಗಳನ್ನು ಕುರಿತು ಕ್ಯೋನಿಗ್ಸ್‌ಬರ್ಗರ್ ಮತ್ತು ಸಂಗಡಿಗರು ಬರೆದ ಕೈಪಿಡಿಯ ಜೆರಾಕ್ಸ್ ಪ್ರತಿಯನ್ನು ಬಿಡಿಸದೆ ನಮ್ಮ ದೇಶದಲ್ಲಿ ಬಿ.ಆರ್ಕ್. ಎರಡನೆಯ ವರ್ಷ ದಾಟಿದವರು ಅಪರೂಪ. ನಮ್ಮ ಹುಡುಗಿಯ ಬಳಿಯೂ ಇತ್ತು. ಅದನ್ನು ಬರೆದಾತ ಬೆಂಗಳೂರಿನಲ್ಲಿ ಸರ್ಕಾರಿ ನೌಕರನಾಗಿದ್ದನೆಂಬುದು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

ಶಾಲೆಯನ್ನು ಹುಡುಕಬೇಕೋ ಗುರುವನ್ನು ಹುಡುಕಬೇಕೋ ಎಂಬ ಪ್ರಶ್ನೆಯೂ ಹಳೆಯದೇ. ಪ್ಯಾರಿಸ್ಸಿನ ಎಕೋಲ್ ದೆ ಬೋಜಾರ್ ಎಂಬ ವಿದ್ಯಾಲಯದಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ, ಉಪನ್ಯಾಸ ಪರೀಕ್ಷೆಗಳು ಶಾಲೆಯಲ್ಲಾದರೂ ವಿನ್ಯಾಸವನ್ನು ಕಲಿಯುತ್ತಿದ್ದುದು ಯಾರಾದರೊಬ್ಬ ಹಿರಿಯ ವಾಸ್ತುಶಿಲ್ಪಿಯ ಕಾರ್ಯಾಗಾರದಲ್ಲಿ. ಅಂಥ ಗುರುವನ್ನು ವಿದ್ಯಾರ್ಥಿಯೇ ಆರಿಸಿಕೊಳ್ಳಬೇಕು. ಗಡುವಿನ ದಿನ ನಕ್ಷೆಗಳನ್ನು ಒಯ್ಯಲು ಕೈಗಾಡಿ ಬರುತ್ತಿತ್ತು. ಗಾಡಿಯ ಮೇಲೆ ಹತ್ತಿಕೊಂಡೇ ಕೊನೆಯ ಗೆರೆಗಳನ್ನು ಎಳೆಯುತ್ತಿದ್ದ ಹುಡುಗರಿಂದಾಗಿ, ಗಾಡಿಯ ಫ್ರೆಂಚ್ ಹೆಸರಾದ ‘ಶಾರೆಟ್’ ಎಂಬುದು ಇಂದಿಗೂ ಎಲ್ಲ ದೇಶಗಳ ವಿದ್ಯಾರ್ಥಿಗಳ ಬಾಯಲ್ಲಿ ನಿದ್ದೆಗೆಟ್ಟ ಕೊನೆಯ ರಾತ್ರಿಗಳ ಹೆಸರಾಗಿ ಉಳಿದಿದೆ. ಗುರುವನ್ನು ನಂಬಿ ಹೋದವರಿಗೆ ಫಲ ದೊರೆತುದೂ ಉಂಟು. ವಾಲ್ಟರ್ ಗ್ರೋಪಿಯಸ್ 1937ರಲ್ಲಿ ಹಾರ್ವರ್ಡಿಗೆ ಬಂದು ಪಾಠ ಹೇಳತೊಡಗಿದ ಮೇಲೆ, ಕೊಂಕಣದ ಆಚರೆಯಲ್ಲಿ ಹುಟ್ಟಿದ ಅಚ್ಯುತ ಕಾನ್ವಿಂದೆ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಹೋಗಿ ಅವರ ಬಳಿ ಕಲಿತು, 1947ರಲ್ಲಿ ಪದವಿ ಪಡೆದು ಬಂದು, ಸ್ವತಂತ್ರ ಭಾರತದ ಪ್ರಯೋಗಾಲಯಗಳಿಗೂ ವಿದ್ಯಾಸಂಸ್ಥೆಗಳಿಗೂ ಒಂದು ಹೊಸ ಮುಖವನ್ನೇ ಕೊಟ್ಟರು. ಲೂಯಿ ಕಾನ್ ಇದ್ದಾರೆಂಬ ಒಂದೇ ಕಾರಣಕ್ಕೆ ದೇಶದೇಶಗಳ ತರುಣರು ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಿದ್ದ ಕಾಲವೊಂದಿತ್ತು. ಅದೇ ಕಾನ್, 1974ರ ಮಾರ್ಚಿನಲ್ಲಿ ಅಹಮದಾಬಾದಿನಿಂದ ಹಿಂದಿರುಗುತ್ತ, ನ್ಯೂಯಾರ್ಕಿನ ರೈಲು ನಿಲ್ದಾಣದಲ್ಲಿ ಕುಸಿದು ತೀರಿಕೊಂಡರು. ಆ ವರ್ಷ ಅವರ ತರಗತಿಗೆಂದೇ ಕಾದು ಕುಳಿತಿದ್ದವರ ಮನಃಸ್ಥಿತಿಯನ್ನು ನಾನು ಆಗಾಗ ಊಹಿಸಿಕೊಳ್ಳುತ್ತೇನೆ.

ಊಹಿಸಿಕೊಳ್ಳಲು ನನಗೆ ಸ್ವಂತ ಕಾರಣವೂ ಉಂಟು. ನಾನೂ ಒಬ್ಬ ಪ್ರಾಧ್ಯಾಪಕರ ಹೆಸರು ನಂಬಿ ದೂರದ ಒಂದು ಶಾಲೆಗೆ ಹೋದವನು. ಶಾಲೆಯ ಹೆಸರು ಇಲ್ಲಿ ಬೇಡ. ಟ್ರಂಕು ಇಳಿಸಿ ವಿಚಾರಿಸಿದರೆ, ಆ ಮಹನೀಯರು ಎರಡು ವರ್ಷ ರಜೆಯ ಮೇಲೆ ಹೋಗಿದ್ದರು. ನನ್ನ ವ್ಯಾಸಂಗವೂ ಎರಡೇ ವರ್ಷದ್ದು. ಇಂದು ಪರಿಸ್ಥಿತಿ ಬೇರೊಂದು ರೀತಿಯಲ್ಲಿ ನಾಜೂಕಾಗಿದೆ. ಅಮೆರಿಕದ ದೊಡ್ಡ ಶಾಲೆಗಳಲ್ಲಿ ಮೇಲಿನ ತರಗತಿಯ ಸ್ಟುಡಿಯೋಗಳನ್ನು, ಎಂದರೆ ವಿನ್ಯಾಸದ ಪಾಠಗಳನ್ನು, ವಿದ್ಯಾರ್ಥಿಗಳು ಇಷ್ಟಾನುಸಾರ ಕ್ರಮದಲ್ಲಿ ಬರೆದುಕೊಟ್ಟು, ಲಾಟರಿಯ ಮೂಲಕ ಪಡೆಯುವ ಪದ್ಧತಿ ಸಾಮಾನ್ಯ. ಒಂದೊಂದರಲ್ಲಿ ಹನ್ನೆರಡರ ಆಜುಬಾಜು ಜಾಗ. ಯಾವ ಹೆಸರನ್ನು ಓದಿ ಸಮುದ್ರ ದಾಟಿದಿರೋ ಆ ಸ್ಟುಡಿಯೋ ನಿಮಗೆ ಬರಲಿಕ್ಕಿಲ್ಲ. ಬಂದರೂ, ಖ್ಯಾತನಾಮರಾದ ಅತಿಥಿ ಗುರುಗಳು ಹದಿನೈದು ದಿನಕ್ಕೊಮ್ಮೆ ವಿಮಾನದಲ್ಲಿಳಿದು, ಎರಡು ದಿನವಿದ್ದು, ಮತ್ತೆ ವಿಮಾನ ಹತ್ತುವವರು. ನಡುವಿನ ದಿನಗಳಲ್ಲಿ ನಿಮ್ಮ ಮೇಜಿನ ಬಳಿ ನಿಲ್ಲುವವರು ಯಾರೂ ಕೇಳದ ಹೆಸರಿನ ಸಹಾಯಕ ಬೋಧಕರು. ಇವರನ್ನು ಕುರಿತು ವಿಚಾರಿಸಿರಿ ಎಂಬುದು ನನ್ನ ಸಲಹೆ. ಇವರಿಗಿಂತಲೂ ಹೆಚ್ಚಾಗಿ, ಪಕ್ಕದ ಮೇಜಿನವರು ಯಾರಿರುತ್ತಾರೆಂಬುದನ್ನು. ಸ್ಟುಡಿಯೋದಲ್ಲಿ ನಾವು ಕಲಿತುದರಲ್ಲಿ ಅರ್ಧ, ರಾತ್ರಿ ಎರಡು ಗಂಟೆಗೆ ಬ್ಲೇಡು ಸಾಲ ಕೇಳಲು ಹೋದಾಗ ಪಕ್ಕದವನ ಮಾಡೆಲನ್ನು ಕಂಡು ಕಲಿತುದು.

ಶಾಲೆಯೊಂದರ ಅಂತರಂಗವನ್ನು ಅರಿಯಲು ಜ್ಯೂರಿಯಷ್ಟು ಪ್ರಶಸ್ತವಾದ ಸಂದರ್ಭ ಇನ್ನೊಂದಿಲ್ಲ. ಈಗ ಅನೇಕ ಶಾಲೆಗಳು ಜ್ಯೂರಿಯನ್ನು ಚಿತ್ರೀಕರಿಸಿ ಎಲ್ಲರಿಗೂ ಕಾಣುವಂತೆ ಇಡುವುದರಿಂದ ಮನೆಯಲ್ಲಿ ಕೂತೇ ನೋಡಬಹುದು. ನೋಡುವಾಗ ನಕ್ಷೆಗಳ ಬೆಡಗಿಗೆ ಮನಸೋಲದೆ, ಮಾತನ್ನು ಕೇಳಬೇಕು. ಎರಡು ರಾತ್ರಿ ನಿದ್ದೆಯಿಲ್ಲದೆ, ಬೆರಳ ತುದಿಯಲ್ಲಿ ಒಣಗಿದ ಫೆವಿಕ್ವಿಕ್ಕಿನ ಪೊರೆಯನ್ನು ಕೀಳುತ್ತ ಗೋಡೆಯ ಮುಂದೆ ನಿಂತ ಹುಡುಗನನ್ನು ಹಿರಿಯರು ಪ್ರಶ್ನೆ ಕೇಳುತ್ತಾರೆಯೋ, ಇಲ್ಲವೆ ಅವನ ತಲೆಯ ಮೇಲಿಂದ ತಮ್ಮತಮ್ಮಲ್ಲೇ ಪಾಂಡಿತ್ಯದ ಚೆಂಡಾಟವಾಡುತ್ತಾರೆಯೋ? ಅವನು ‘ಗೊತ್ತಿಲ್ಲ’ ಎಂದಾಗ ಸಭೆಯಲ್ಲಿ ಮೌನವಾಗುತ್ತದೆಯೋ, ಮಾತು ಆರಂಭವಾಗುತ್ತದೆಯೋ? ಇನ್ನೊಂದನ್ನೂ ಗಮನಿಸಬಹುದು. ಕೆಲವು ಶಾಲೆಗಳಲ್ಲಿ ಹತ್ತು ವಿದ್ಯಾರ್ಥಿಗಳ ಕೆಲಸ ಹತ್ತು ಬಗೆಯಾಗಿರುತ್ತದೆ. ಕೆಲವು ಕಡೆ ಹತ್ತೂ ಒಂದೇ ಅಚ್ಚಿನ ಹಬ್ಬದ ಸಕ್ಕರೆ ಗೊಂಬೆಗಳು. ಎರಡನೆಯ ಬಗೆಯ ಶಾಲೆಗಳ ಗೋಡೆಗಳೇ ಹೆಚ್ಚು ಕಣ್ಸೆಳೆಯುವುವೆಂಬುದನ್ನು ಒಪ್ಪುತ್ತೇನೆ.

ಪೋರ್ಟ್‌ಫೋಲಿಯೋ ವಿಚಾರದಲ್ಲಿ ನಮ್ಮ ಮಕ್ಕಳು ಪಡುವ ಪಾಡು ಹೇಳತೀರದು. ಐದು ವರ್ಷದ ಹತ್ತು ಸೆಮಿಸ್ಟರುಗಳಿಂದ ಒಂದೊಂದನ್ನೂ ಬಿಡದೆ, ಬಸ್ ನಿಲ್ದಾಣ, ಆಸ್ಪತ್ರೆ, ಮ್ಯೂಸಿಯಮ್ಮು ಎಲ್ಲವನ್ನೂ ತುರುಕಿ, ಮೊದಲ ಪುಟಕ್ಕೆ ಮುಳುಗುವ ಸೂರ್ಯನ ಬಣ್ಣ ಹಚ್ಚಿ ಕಳಿಸುತ್ತಾರೆ. ನೂರಾರು ಪೋರ್ಟ್‌ಫೋಲಿಯೋಗಳನ್ನು ತಿರುವಿಹಾಕುವ ಸಮಿತಿಯವರು ಒಂದೊಂದಕ್ಕೆ ಕೊಡುವ ಕಾಲ ಕೆಲವೇ ನಿಮಿಷ. ನಮ್ಮ ಹುಡುಗಿಯದರಲ್ಲಿ ನಲವತ್ತೆರಡು ಪುಟಗಳಿದ್ದುವು. ಅಟ್ಟದ ಸೀಳಿಕೆ ಮೂವತ್ತೊಂದನೆಯ ಪುಟದ ಕೆಳಮೂಲೆಯಲ್ಲಿ, ಅಂಚೆಚೀಟಿಯಷ್ಟು ಗಾತ್ರದಲ್ಲಿ ಕೂತಿತ್ತು. ಜೊತೆಗೆ ಕಳಿಸಬೇಕಾದ ಉದ್ದೇಶ ಪತ್ರವೋ, ಚಿಕ್ಕಂದಿನಿಂದಲೂ ಕಟ್ಟಡಗಳೆಂದರೆ ತನಗೆ ಬಹಳ ಪ್ರೀತಿ ಎಂದು ಆರಂಭವಾಗಿತ್ತು. ಚಿಕ್ಕಂದಿನಲ್ಲಿ ಅವಳಿಗೆ ಪ್ರೀತಿಯಿದ್ದುದು ಕೋಡುಬಳೆಯ ಮೇಲೆ. ಇದಕ್ಕೆ ನಾನೇ ಸಾಕ್ಷಿ.

ಹಣದ ಮಾತು ಅಪ್ರಿಯ, ಆದರೂ ಆಡಬೇಕು. ಅಮೆರಿಕದ ಖಾಸಗಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನ ಶುಲ್ಕವೊಂದೇ ವರ್ಷಕ್ಕೆ 50,000 ಡಾಲರನ್ನು ಮೀರುತ್ತದೆ. ಊಟ, ವಸತಿ, ಮಾಡೆಲುಗಳ ಸಾಮಗ್ರಿ, ಪ್ರಿಂಟಿನ ಖರ್ಚು ಬೇರೆ. ವೈದ್ಯನಾಗಿಯೋ ಸಾಫ್ಟ್‌ವೇರಿಗನಾಗಿಯೋ ಅಷ್ಟು ಸಾಲ ತೀರಿಸುವವನ ಲೆಕ್ಕ ಬೇರೆ, ಆರ್ಕಿಟೆಕ್ಟ್ ಕಚೇರಿಯ ಕೆಳಮೆಟ್ಟಿಲಿನ ಸಂಬಳದಲ್ಲಿ ತೀರಿಸುವವನ ಲೆಕ್ಕ ಬೇರೆ. ಸಾಲದ ಕಂತು ತಲೆಯ ಮೇಲಿರುವವನು ಇಷ್ಟವಿಲ್ಲದ ಕಚೇರಿಯಲ್ಲಿ ಶೌಚಾಲಯದ ಟೈಲುಗಳ ವಿವರ ನಕ್ಷೆಯನ್ನೇ ಏಳೆಂಟು ವರ್ಷ ಬರೆಯುತ್ತ ಕೂಡಬೇಕಾಗುತ್ತದೆ. ಯಾವ ಪ್ರಶ್ನೆಯನ್ನು ಹೊತ್ತು ಹೋಗಿದ್ದನೋ ಅದು ಅಷ್ಟರಲ್ಲಿ ಒಣಗಿರುತ್ತದೆ. ಮನೆ ಅಡವಿಟ್ಟು ಕೊಳ್ಳುವಂಥ ಹೆಸರು ಯಾವ ಶಾಲೆಗೂ ಇಲ್ಲವೆಂಬುದು ನನ್ನ ಖಚಿತವಾದ ಅಭಿಪ್ರಾಯ, ಹಿತವಾಗದವರು ಕ್ಷಮಿಸಬೇಕು. ವಿದ್ಯಾರ್ಥಿವೇತನವನ್ನೋ ಸಹಾಯಕ ಹುದ್ದೆಯನ್ನೋ ಕೊಡುವ ಎರಡನೆಯ ಸಾಲಿನ ಶಾಲೆ, ಏನೂ ಕೊಡದ ಮೊದಲ ಸಾಲಿನದಕ್ಕಿಂತ ಲೇಸು. ಜರ್ಮನಿಯ ಅನೇಕ ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಶುಲ್ಕ ತೀರ ಕಡಿಮೆ, ಆದರೆ ಜರ್ಮನ್ ಭಾಷೆ ಕಲಿಯುವ ಶ್ರದ್ಧೆ ಬೇಕು.

ದೇಶದೊಳಗಿನ ದಾರಿಯನ್ನು ಕೀಳಾಗಿ ಕಾಣುವ ಅಭ್ಯಾಸವೂ ನಮ್ಮಲ್ಲಿ ಬೆಳೆದಿದೆ. ಗೇಟ್ ಪರೀಕ್ಷೆಯನ್ನು ಬರೆದು ಖರಗ್‌ಪುರ, ರೂರ್ಕಿಗಳ ಐ.ಐ.ಟಿ.ಗಳಿಗೋ ದೆಹಲಿ, ಭೋಪಾಲ, ವಿಜಯವಾಡಗಳ ಎಸ್.ಪಿ.ಎ.ಗಳಿಗೋ ಹೋಗುವವರಿಗೆ ಶುಲ್ಕದ ಹೊರೆ ವಿದೇಶದ ಒಂದಂಶವೂ ಇಲ್ಲ. ಅಹಮದಾಬಾದಿನ ಶಾಲೆಯಂತೂ 1962ರಲ್ಲಿ ಬಾಲಕೃಷ್ಣ ದೋಶಿಯವರ ಕನಸಾಗಿ ಹುಟ್ಟಿದುದು. ಅವರೇ ವಿನ್ಯಾಸ ಮಾಡಿದ ಇಟ್ಟಿಗೆ ಕಾಂಕ್ರೀಟುಗಳ ಆ ಕಟ್ಟಡದಲ್ಲಿ ಒಳಗೆಲ್ಲಿ ಮುಗಿಯಿತು, ಹೊರಗೆಲ್ಲಿ ಆರಂಭವಾಯಿತು ಎಂದು ಹೇಳುವುದು ಕಷ್ಟ. ಬಾಗಿಲುಗಳನ್ನು ಆದಷ್ಟೂ ಬಿಟ್ಟು ಕಟ್ಟಿದ್ದಾರೆ. ಬೆಂಗಳೂರಿನವರಿಗೆ ದೋಶಿಯವರನ್ನು ಕಾಣಲು ಬನ್ನೇರುಘಟ್ಟ ರಸ್ತೆಯ ಐ.ಐ.ಎಂ. ಇದೆ, ಬೂದುಬಣ್ಣದ ಕಲ್ಲಿನ ಕಂಬಗಳ ನಡುವೆ, ಬಳ್ಳಿಗಳ ಅಡಿಯಲ್ಲಿ ಅಲ್ಲಿಯ ಓಣಿಗಳನ್ನು ಒಮ್ಮೆ ನಡೆದವರು ಮರೆಯಲಾರರು. 2018ರಲ್ಲಿ ಪ್ರಿಟ್ಸ್ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದ ಈ ದೋಶಿಯವರು ಸ್ನಾತಕೋತ್ತರ ಪದವಿಯ ಸಹವಾಸಕ್ಕೇ ಹೋದವರಲ್ಲ. ಬೊಂಬಾಯಿಯ ಜೆ.ಜೆ. ಶಾಲೆಯಿಂದ ಲಂಡನ್ನಿಗೆ, ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿ, ಲ ಕಾರ್ಬುಸಿಯೇಯ ಕಚೇರಿಯಲ್ಲಿ ಮೊದಲ ಕೆಲವು ತಿಂಗಳು ಸಂಬಳವಿಲ್ಲದೆ ದುಡಿದರು. ಅವರ ಸಮಕಾಲೀನರಾದ ಚಾರ್ಲ್ಸ್ ಕೊರಿಯ ಅವರಾದರೋ ಮಿಶಿಗನ್ನಿನಲ್ಲೂ ಆಮೇಲೆ ಎಂ.ಐ.ಟಿ.ಯಲ್ಲೂ ಓದಿ 1955ರಲ್ಲಿ ಎಂ.ಆರ್ಕ್. ಪಡೆದು ಬಂದವರು, ಅರ್ಧ ಶತಮಾನದ ಬಳಿಕ ಅದೇ ಎಂ.ಐ.ಟಿ.ಗೆ ಮಿದುಳಿನ ಅಧ್ಯಯನದ ಕಟ್ಟಡವನ್ನು ಕಟ್ಟಿಕೊಟ್ಟರು. ಇಬ್ಬರಲ್ಲಿ ಯಾರ ದಾರಿ ಸರಿಯೆಂದು ನಮ್ಮ ಹುಡುಗಿ ಕೇಳಿದಳು. “ಇಬ್ಬರಿಗೂ ತಾವು ಏನು ಹುಡುಕುತ್ತಿದ್ದೇವೆ ಅಂತ ಗೊತ್ತಿತ್ತು ಕಣಮ್ಮ” ಎಂದು ಹೇಳಿ, ಇನ್ನಾದರೂ ಮಲಗಲು ಬಿಡುತ್ತಾಳೆಂದು ಪತ್ರಿಕೆಯನ್ನು ಎತ್ತಿಕೊಂಡೆ.

ಬಿಡಲಿಲ್ಲ. ಸಂಜೆಯ ಕಾಫಿಯ ಹೊತ್ತಿಗೆ ಪಟ್ಟಿಯಲ್ಲಿ ನಾಲ್ಕು ಹೆಸರು ಉಳಿದಿದ್ದುವು, ಅವುಗಳಲ್ಲೊಂದು ಅಹಮದಾಬಾದಿನದು. ಉದ್ದೇಶ ಪತ್ರದ ಮೊದಲ ಪ್ಯಾರಾ ಇರಲಿಲ್ಲ. ಮಾರನೆಯ ವಾರ ಅವಳು ಎರಡು ಥರ್ಮಾಮೀಟರು, ಅಳತೆಯ ಟೇಪು, ಬಟರ್ ಪೇಪರಿನ ಸುರುಳಿ ಹಿಡಿದು ತಿಪಟೂರಿನ ರೈಲು ಹತ್ತಿದಳೆಂದು ತಮ್ಮ ಹೇಳಿದ.

ಮೊನ್ನೆ ಗುರುವಾರ ಅಟ್ಟದ ಮೇಲೆ ಕೂತೇ ಫೋನು ಮಾಡಿದಳು. “ದೊಡ್ಡಪ್ಪಾ, ಕೆಳಗೆ ನಡುಮನೇಲಿ 28 ಡಿಗ್ರಿ, ಇಲ್ಲಿ ಕಾಯಿ ಮಧ್ಯೆ 33. ಗಾಳಿ ಎಲ್ಲಿಂದ ಬರುತ್ತೆ ನೋಡೋಣ ಅಂತ ಊದುಬತ್ತಿ ಹಚ್ಚಿದೆ. ಹೊಗೆ ಹೆಂಚಿನ ಕಡೆ ನೆಟ್ಟಗೆ ಹೋಗ್ತಾ ಇಲ್ಲ. ಅರ್ಧಕ್ಕೆ ಹೋಗಿ ಹಿಂದಿನ ಗೋಡೆ ಕಡೆ ತಿರುಗುತ್ತೆ. ಯಾಕೆ?” ನನಗೆ ಗೊತ್ತಿರಲಿಲ್ಲ, ಹಾಗೆಂದೇ ಹೇಳಿದೆ. ಕೆಳಗಿನಿಂದ ಅವಳ ಅಜ್ಜಿ, ತೆಂಗಿನ ಸಿಪ್ಪೆಯ ನಡುವೆ ಬೆಂಕಿ ಇಟ್ಟುಕೊಂಡು ಕೂತಿದ್ದೀಯಲ್ಲೇ, ಇಳಿಯೇ ಕೆಳಗೆ ಎಂದು ಕೂಗುತ್ತಿದ್ದುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.